ಉಸಿರಿಗೆ ಎಚ್ಚರ

ಹೇಗ್ರೆ ಕೆರೆಯ ಮೇಲೆ ಹಿಮ ಬೀಳುವಾಗ ಸದ್ದೇ ಇರುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ಕಿವಿ ನೆಟ್ಟಗಿರುವವರು ಕಿವಿಗೊಡುವುದಿಲ್ಲ, ಅಷ್ಟೆ. ಆರ್ಡಿಸ್ ಟ್ವೇಟನ್‌ಗೆ ಅದರ ಸದ್ದು ಗೊತ್ತಿತ್ತು: ಯಾರೋ ಕಿಟಕಿಯ ಗಾಜಿಗೆ ಹತ್ತಿ ಒತ್ತಿ ಒತ್ತಿ ತೆಗೆದ ಹಾಗೆ. ಆರು ವರ್ಷದ ಹಿಂದೆ ಮೊದಲು ಹೋದದ್ದು ಅದೇ. ಆಮೇಲೆ ಗೋಡೆ ಗಡಿಯಾರ ಹೋಯಿತು, ಒಲೆಯ ಮೇಲಿನ ಕೆಟಲ್ಲು ಹೋಯಿತು, ಫೋನಿನಲ್ಲಿ ಮೊಮ್ಮಗಳ ದನಿ ಹೋಯಿತು. ಮದುವೆ ಮನೆಯಿಂದ ನೆಂಟರು ಒಬ್ಬೊಬ್ಬರೇ ಹೇಳದೆ ಜಾರಿಕೊಳ್ಳುವಂತೆ ಸದ್ದುಗಳು ಜಾರಿಕೊಂಡವು. ಅರವತ್ತೇಳು ತುಂಬುವಷ್ಟರಲ್ಲಿ ಅವಳ ಮನೆ ಬಲು ಪ್ರಶಾಂತವಾಗಿತ್ತು. ಆ ಪ್ರಶಾಂತಿಯನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ನವೆಂಬರಿನಲ್ಲಿ ವೆಂಡಲ್ ಕ್ಯೋಸ್ ಒಂದು ಪುಟ್ಟ ಡಬ್ಬಿ ಹಿಡಿದು ಬಂದ. ಒಂದು ಕಾಲಕ್ಕೆ ಚರ್ಚಿನ ಭಾನುವಾರದ ಪಾಠದಲ್ಲಿ ಆರ್ಡಿಸಳಿಂದಲೇ ಬೈಸಿಕೊಂಡವನು, ಈಗ ಐವತ್ತೆರಡರ ದಢೂತಿ ಆಸಾಮಿ. ಚರ್ಚಿನ ಹಾಡುವ ತಂಡದಲ್ಲಿ ದಪ್ಪ ದನಿಯವನು. ಹೊಟ್ಟೆಪಾಡಿಗೆ ಮಿನಿಯಾಪೊಲಿಸ್ ಕಡೆಯ ಒಂದು ಕಂಪನಿಯಲ್ಲಿ ಕಿವಿಯಂತ್ರಗಳಿಗೆ ಬುದ್ಧಿ ತುಂಬುವ ಕೆಲಸ. ಡಬ್ಬಿಯಲ್ಲಿ ಕಿವಿಯ ಹಿಂದೆ ಕೂರುವ ಎರಡು ಯಂತ್ರ, ಜೊತೆಗೆ ಕೋಟಿನ ಗುಂಡಿಯಷ್ಟೇ ದೊಡ್ಡದಾದ ಒಂದು ಮೈಕು ಇದ್ದವು.

"ಇನ್ನೂ ಅಂಗಡಿಗೆ ಬಂದಿಲ್ಲ ಮಿಸೆಸ್ ಟ್ವೇಟನ್. ನೀವೇ ನಮ್ಮ ಮೊದಲ್ನೇ ಪ್ರಯೋಗದ ಇಲಿ."

"ಇಲೀಗೆ ಕಾಫಿ ಯಾರು ಮಾಡಿಕೊಡ್ತಾರೆ? ಅದೂ ನಾನೇ ಮಾಡ್ಕೋಬೇಕಾ?"

ಕಾಫಿ ಅವಳೇ ಮಾಡಿದಳು. ಅವನು ವಿವರಿಸಿದ. ಗುಂಡಿಯನ್ನು ಯಾರ ಕೊರಳಪಟ್ಟಿಗೆ ಸಿಕ್ಕಿಸಿದರೂ ಅವರ ದನಿ ತಂತಿಯಿಲ್ಲದೆ ನೇರ ಅವಳ ಕಿವಿಗೆ ಬರುತ್ತದೆ, ಅವರು ಕೋಣೆಯ ಆಚೆ ತುದಿಯಲ್ಲಿದ್ದರೂ ಸರಿ.

"ಇಷ್ಟು ಚಿಕ್ಕ ಬ್ಯಾಟರಿ ದಿನವೆಲ್ಲಾ ಹೇಗೋ ಬರುತ್ತೆ?"

"ನಿದ್ದೆ ಮಾಡುತ್ತಲ್ಲಾ, ಅದಕ್ಕೆ. ಆಗಾಗ ಕಣ್ಣು ಬಿಟ್ಟು ನೋಡುತ್ತೆ. ಯಾರೂ ಮಾತಾಡ್ತಿಲ್ಲ ಅಂದ್ರೆ ಮತ್ತೆ ಮಲಗುತ್ತೆ. ಮೌನ ಜಾಸ್ತಿಯಾದಷ್ಟೂ ನಿದ್ದೆ ಗಾಢ. ನಿಮ್ಮ ದಿನ ಹೇಗಿರುತ್ತೆ ಅಂತ ನೋಡ್ಕೊಂಡು ಅದೇ ಕಲಿಯುತ್ತೆ."

"ಒಳ್ಳೇ ಕೆಲಸಗಾರ! ಮಲಗೋಕೆ ಯಾರಾದ್ರೂ ಸಂಬಳ ಕೊಡ್ತಾರೇನೋ?"

"ನನಗೆ ಕೊಡ್ತಾರಲ್ಲ. ಇಪ್ಪತ್ತು ವರ್ಷದಿಂದ ಇವುಗಳಿಗೆ ಮಲಗೋದು ಹೇಗೆ ಅಂತಾನೇ ಕಲಿಸ್ತಿದೀನಿ."

ಆ ಚಳಿಗಾಲ ಆರ್ಡಿಸ್ ಮತ್ತು ಯಂತ್ರ ಒಬ್ಬರಿಗೊಬ್ಬರು ಒಗ್ಗಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂರುವಳು. ಎದುರಿಗೆ ಕೆರೆ, ಕೆರೆಯ ಮೇಲೆ ಮಂಜುಗಡ್ಡೆ, ಅದರ ಮೇಲೆ ಹಿಮ, ಅದರ ಮೇಲೆ ಬಿಳಿಯ ಆಕಾಶ. ಯಾವುದು ಎಲ್ಲಿ ಮುಗಿಯಿತು ಎಂದು ಹೇಳಲು ಬರುತ್ತಿರಲಿಲ್ಲ. ಕಿವಿಯಲ್ಲಿ ಒಂದು ಸಣ್ಣ ಜುಮ್ ಎನ್ನುವುದು ನಿಲ್ಲುತ್ತಿತ್ತು. ಓಹೋ, ಇದು ಮಲಗಿತು, ಎಂದುಕೊಳ್ಳುತ್ತ ಅವಳೂ ಮಲಗುವಳು. ಕನಸಿನಲ್ಲಿ ಮಾತ್ರ ಅವಳಿಗೆ ಎಲ್ಲವೂ ಕೇಳುತ್ತಿತ್ತು. ಸತ್ತ ಗಂಡ ಲೈಲ್ ಅಂಗಳದಲ್ಲಿ ಹಿಮ ಗೋರುವ ಸದ್ದು ಕೂಡ.

ಗುಂಡಿ ಸೇರಿದ್ದು ಕೋರಲಿ ಮೋ ಎಂಬಾಕೆಯ ಕೊರಳಪಟ್ಟಿಗೆ. ಕೋರಲಿ ಹಾಡುವ ತಂಡದ ಮುಖ್ಯಸ್ಥೆ, ಒಂದನೆಯ ತರಗತಿಯಿಂದ ಆರ್ಡಿಸಳ ಗೆಳತಿ. ಒಣಕಲು ದೇಹ, ಹರಿತ ನಾಲಿಗೆ. ಬುಧವಾರದ ಅಭ್ಯಾಸಗಳಲ್ಲಿ ಆರ್ಡಿಸ್ ಆರು ವರ್ಷದ ಮೇಲೆ ಮೊದಲ ಬಾರಿಗೆ ಸರಿಯಾಗಿ ಹಾಡಿದಳು. ಕೋರಲಿ ಗೊಣಗುವುದೂ ಅವಳಿಗೆ ಕೇಳಿಸಿತು. ಕೋರಲಿಯದು ನಲವತ್ತು ವರ್ಷದಿಂದ ಒಂದೇ ಗೊಣಗು: "ಒಲೆ ಕಡೆಯವರು ಯಾವಾಗ್ಲೂ ಒಂದು ಕೂದಲೆಳೆ ಹಿಂದೆ. ಬೆಚ್ಚಗೆ ನಿಂತು ತೂಕಡಿಸ್ತೀರಾ ಹೇಗೆ?"

ಒಲೆ ಕಡೆ ಎಂದರೆ ಚಳಿಗೆ ಬೆಂಕಿ ಹಾಕುವ ಕಬ್ಬಿಣದ ಒಲೆಯಿರುವ, ಚರ್ಚಿನ ಉತ್ತರದ ಗೋಡೆ. ಈಸ್ಟರ್ ಬೆಳಗಿನಲ್ಲಿ ತಂಡ ವೇದಿಕೆಯ ಮೇಲೆ ನಿಲ್ಲುವುದಿಲ್ಲ. ಗೋಡೆಗುಂಟ ಚದುರಿ ನಿಲ್ಲುತ್ತದೆ, ಊರಿನವರು ನಡುವಿನ ಬೆಂಚುಗಳಲ್ಲಿ ಕೂರುತ್ತಾರೆ. ದೀಪವಿಲ್ಲ, ವಾದ್ಯವಿಲ್ಲ, ಕೈಸನ್ನೆಯಿಲ್ಲ. ಛಾವಣಿಯಿಂದ ತೂಗುವ ಮರದ ಪುಟ್ಟ ಹಡಗಿಗೆ ಪೂರ್ವದ ಕಿಟಕಿಯಿಂದ ಬಿಸಿಲು ತಾಗುವ ತನಕ ಯಾರೂ ಕೆಮ್ಮುವುದೂ ಇಲ್ಲ. ಮೋಡವಿದ್ದ ವರ್ಷ ಒಂದು ಗಂಟೆ ಹತ್ತು ನಿಮಿಷ ಕಾದದ್ದುಂಟು. ಬಿಸಿಲು ತಾಗಿದ ಮೇಲೂ ಕೋರಲಿ ತನಗೆ ತೋಚಿದಷ್ಟು ಹೊತ್ತು ಸುಮ್ಮನಿರುತ್ತಾಳೆ. ಅವಳು ನಿಲ್ಲುವುದು ಎಲ್ಲರ ಬೆನ್ನ ಹಿಂದೆ, ಬಾಗಿಲ ಹತ್ತಿರ. ಅಲ್ಲಿಂದ ಅವಳು ಒಂದು ಉಸಿರೆಳೆದುಕೊಳ್ಳುತ್ತಾಳೆ. ಆ ಉಸಿರು ಕೇಳಿ ಎಲ್ಲರೂ ಉಸಿರೆಳೆದು, ಇಪ್ಪತ್ತೆರಡು ಗಂಟಲು ಒಟ್ಟಿಗೆ ಹಾಡುತ್ತವೆ. ಬೆಂಚಿನಲ್ಲಿ ಕೂತವರಿಗೆ ಗೋಡೆಗಳೇ ಹಾಡಿದಂತೆ ಆಗುತ್ತದೆ.

ಒಲೆಯ ಪಕ್ಕದ ಜಾಗ ಮೊದಲು ಆರ್ಡಿಸಳ ತಾಯಿಯದು. ತಾಯಿ ತೀರಿಕೊಂಡ ಮೇಲಿನ ಮೂವತ್ತೆಂಟು ಈಸ್ಟರ್ ಅವಳದು. ಗೋಡೆಯ ಜಾಗ ಬಿಟ್ಟು ಒಂದು ಸಲ ಬೆಂಚಿಗೆ ಕೂತವರು ಮತ್ತೆ ಎದ್ದು ಗೋಡೆಗೆ ಬಂದದ್ದು ಹೇಗ್ರೆಯಲ್ಲಿ ಇಲ್ಲ.

ಕಳೆದ ಈಸ್ಟರಿನಲ್ಲಿ ಅವಳಿಗೆ ಕೋರಲಿಯ ಉಸಿರು ಕೇಳಲಿಲ್ಲ. ಎಲ್ಲರೂ ಹಾಡಿದ ಮೇಲೆ, ಹೊರಟ ಬಸ್ಸಿನ ಹಿಂದೆ ಓಡುವವರ ಹಾಗೆ ಅವಳ ದನಿ ಒಂಟಿಯಾಗಿ ಹಿಂದೆ ಬಂತು. ಯಾರೂ ಏನೂ ಅನ್ನಲಿಲ್ಲ. ಹೇಗ್ರೆಯಲ್ಲಿ ಅನ್ನುವುದಿಲ್ಲ. ಸಾವಾದರೆ, ಕಾಲು ಮುರಿದರೆ, ಮಾನ ಹೋದರೆ, ಮೂರಕ್ಕೂ ಒಂದೇ ಮದ್ದು: ಓಟ್ಸು, ಬೆಣ್ಣೆ, ಚಾಕೊಲೇಟು ಸುರಿದು ಬೇಯಿಸಿ ಚೌಕ ಚೌಕ ಕತ್ತರಿಸಿದ ಸಿಹಿ. ತಟ್ಟೆಗೆ ಬೆಳ್ಳಿ ಕಾಗದ ಮುಚ್ಚಿ ತಂದು, ಹವಾಮಾನ ಮಾತಾಡಿ, ಕಾಫಿ ಕುಡಿದು ಹೋಗುತ್ತಾರೆ. ಮರುದಿನ ಸೋಮವಾರ ಅವಳ ಮನೆಗೆ ಮೂರು ತಟ್ಟೆ ಬಂದವು. ಒಂದು ಬಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಮೂರು ಬಂದಾಗ ಅವಳು ಬಾಗಿಲು ಹಾಕಿಕೊಂಡು ಅತ್ತಳು.

ಈ ವರ್ಷ ಹಾಗಾಗುವುದಿಲ್ಲ ಎಂಬ ಧೈರ್ಯದಲ್ಲಿ ಅವಳು ಚಳಿಗಾಲ ಕಳೆದಳು. ಈಸ್ಟರಿಗೆ ಮೂರು ವಾರ ಇರುವಾಗ, ಶನಿವಾರ ಬೆಳಿಗ್ಗೆ, ಗೋಡೆಗುಂಟ ನಿಂತು ಮೌನವೂ ಸೇರಿದ ಪೂರ್ತಿ ಅಭ್ಯಾಸ. ಐದು ನಿಮಿಷ ಎಲ್ಲರೂ ಸುಮ್ಮನೆ ನಿಂತರು. ಆರ್ಡಿಸ್ ಹಡಗನ್ನು ನೋಡುತ್ತಿದ್ದಳು. ಕಿವಿಯಲ್ಲಿ ಉಸಿರು ಬರಲಿಲ್ಲ. ಬಂದದ್ದು ಹಾಡು, ಅದೂ ತಲೆ ಕತ್ತರಿಸಿದ ಹಾಡು: ಮೊದಲ ಸ್ವರದ ನಡುಭಾಗದಿಂದ. ಅವಳು ಓಡಿ ಹಿಡಿದಳು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ.

ಎಲ್ಲರೂ ಕೋಟು ಹಾಕಿಕೊಂಡು ಹೋದ ಮೇಲೆ ಕೋರಲಿ ಹತ್ತಿರ ಬಂದಳು. ಕೈಯಲ್ಲಿ ಗುಂಡಿ ಇತ್ತು.

"ಈ ವರ್ಷ ಬೆಂಚಲ್ಲಿ ಕೂತ್ಕೋ ಕಣೇ. ಮಂಡಿಗೂ ಒಳ್ಳೇದು."

"ನನ್ನ ಮಂಡಿಗೇನಾಗಿದೆ?"

"ಏನೂ ಆಗಿಲ್ಲ. ನಾನು ಮಂಡಿ ಮಾತಾಡ್ತಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು."

"ಗೊತ್ತಿದ್ದ ಮೇಲೆ ನೆಟ್ಟಗೆ ಹೇಳು. ಅರವತ್ತು ವರ್ಷದ ಸ್ನೇಹಕ್ಕೆ ಅಷ್ಟಾದರೂ ಮಾಡು."

ಕೋರಲಿಯ ತುಟಿ ಬಿಗಿಯಾಯಿತು. "ಸರಿ. ನೀನು ತಡವಾಗಿ ಬರ್ತೀಯ. ಇನ್ನಿಪ್ಪತ್ತೊಂದು ಜನ ವರ್ಷವಿಡೀ ಕಷ್ಟಪಡೋದು ಆ ಒಂದು ಕ್ಷಣಕ್ಕೆ. ಬ್ಯಾಂಕಿನ ಹೊಸ ಹುಡುಗಿ ಗೋಡೆಗೆ ಬರ್ತೀನಿ ಅಂತಿದಾಳೆ. ನಾನೇನು ಮಾಡ್ಲಿ ಹೇಳು?"

"ನನ್ನಮ್ಮನ ಜಾಗದಲ್ಲಿ ಬ್ಯಾಂಕಿನವಳನ್ನ ನಿಲ್ಲಿಸು. ಬಡ್ಡಿನಾದ್ರೂ ಬರುತ್ತೆ," ಎಂದು ಆರ್ಡಿಸ್ ಗುಂಡಿ ಕಿತ್ತುಕೊಂಡು ಹೊರಟಳು. ಮನೆಗೆ ಬರುವ ದಾರಿಯುದ್ದಕ್ಕೂ ಇನ್ನೂ ಒಳ್ಳೆಯ ಉತ್ತರಗಳು ಹೊಳೆದವು.

ಸಂಜೆ ನಾಲ್ಕಕ್ಕೆ ವೆಂಡಲ್ ಅವಳ ಅಡಿಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತು ತಲೆ ಕೆರೆದುಕೊಳ್ಳುತ್ತಿದ್ದ. ನಿದ್ದೆ ಗಾಢವಾಗಿದ್ದರೂ ಸ್ವರ ಬಂದ ತಕ್ಷಣ ಏಳಬೇಕು. ಏಳುತ್ತಲೂ ಇದೆ. ಎದ್ದು, ಕಣ್ಣುಜ್ಜಿಕೊಂಡು, ಕಿವಿಗೆ ಸದ್ದು ಮುಟ್ಟಿಸಲು ಒಂದು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಮಾತಿನ ನಡುವೆ ಅದು ಗೊತ್ತೇ ಆಗುವುದಿಲ್ಲ.

"ಕಂಪನೀಲಿ ಹಾಡಿನ ಮೇಲೂ ಪರೀಕ್ಷೆ ಮಾಡಿದೀನಿ ಮಿಸೆಸ್ ಟ್ವೇಟನ್. ಸಾವಿರ ಸಲ! ಅದೂ ನಮ್ಮದೇ ಸಿಡಿ. ನಮ್ಮ ಚರ್ಚಿನ ನೂರೈವತ್ತನೇ ವರ್ಷದ್ದು. ಕೇಳಿ ಬೇಕಾದ್ರೆ."

ಹಾಡು ನೇರ ಅವಳ ಕಿವಿಗೆ ಬಂತು. ಆರ್ಡಿಸ್ ಕಣ್ಣು ಮುಚ್ಚಿದಳು. ಹನ್ನೆರಡು ವರ್ಷದ ಹಿಂದಿನ ಅವಳದೇ ದನಿ, ಲೈಲನ ದನಿ, ಈಗ ಸ್ಮಶಾನದಲ್ಲಿರುವ ನಾಲ್ವರ ದನಿ. ಚೆಂದವಾಗಿತ್ತು. ಆದರೂ ಎಲ್ಲೋ ಏನೋ ಎದೆಗೆ ಹಿಡಿದಂತಾಯಿತು. ಎರಡನೆಯ ಚರಣಕ್ಕೆ ಬರುವಾಗ ಅವಳಿಗೇ ಉಸಿರು ಕಟ್ಟಿತು.

"ವೆಂಡಲ್, ಇದರಲ್ಲಿ ಯಾರೂ ಉಸಿರಾಡ್ತಿಲ್ಲ."

"ಅಂದ್ರೆ?"

"ನಾಲ್ಕು ಚರಣ ಮುಗೀತು. ಒಬ್ಬರೂ ಉಸಿರು ತಗೊಂಡಿಲ್ಲ. ಸತ್ತವರು ಹಾಡಿದ ಹಾಗಿದೆ ಕಣೋ."

ವೆಂಡಲ್‌ನ ಕಿವಿಯ ತುದಿ ಕೆಂಪಾಯಿತು. ಆ ಸಿಡಿಯನ್ನು ಕಂಪ್ಯೂಟರಿನಲ್ಲಿ ಕೂರಿಸಿ ಚೊಕ್ಕಟ ಮಾಡಿದವನು ಅವನೇ. ಹಸುಗಳು ಮೂಸಿದ ಹಾಗೆ ಕೇಳುತ್ತೆ, ತೆಗಿ ಅದನ್ನೆಲ್ಲ, ಎಂದಿದ್ದಳು ಕೋರಲಿ. ಮೂರು ವಾರ ಕೂತು ಪ್ರತಿಯೊಂದು ಉಸಿರನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದ. ಆಮೇಲೆ ಅದೇ ಸಿಡಿ ಕೇಳಿಸಿ ಯಂತ್ರಕ್ಕೆ ಹಾಡು ಎಂದರೇನು ಎಂದು ಕಲಿಸಿದ್ದ. ಪಾಪ, ಅದಕ್ಕೆ ಉಸಿರು ಎಂದರೆ ಗಾಳಿಯ ಗಲಾಟೆ. ಗಾಳಿ ಬಂದರೆ ಮಗ್ಗುಲು ಬದಲಾಯಿಸಿ ಮಲಗುತ್ತಿತ್ತು.

"ನಲವತ್ತು ವರ್ಷ ಆ ಉಸಿರು ಕೇಳೇ ಹಾಡಿದೀನಿ," ಎಂದ ವೆಂಡಲ್ ಮೆಲ್ಲಗೆ. "ಕತ್ತರಿಸಿ ಬಿಸಾಕುವಾಗ ಒಂದು ಸಲಾನೂ ಹೊಳೀಲಿಲ್ಲ."

ಮೊದಲು ಅವನು ಸುಲಭದ ದಾರಿ ಹಿಡಿದ: ಮಲಗುವುದೇ ಬೇಡ. ಮುಂದಿನ ಬುಧವಾರ ಯಂತ್ರ ಕಣ್ಣು ರೆಪ್ಪೆ ಬಡಿಯದೆ ಕೂತಿತು. ಆರ್ಡಿಸಳ ಕಿವಿಯಲ್ಲಿ ಇಡೀ ಚರ್ಚು ಭೋರ್ಗರೆಯಿತು. ಮೂವತ್ತೈದನೆಯ ನಿಮಿಷಕ್ಕೆ ಒಂದು ಪುಟ್ಟ ವಿದಾಯದ ರಾಗ ನುಡಿಸಿ ಬ್ಯಾಟರಿ ಸತ್ತಿತು. ಮೋಡದ ಬೆಳಗಿಗೆ ಮೂವತ್ತೈದು ನಿಮಿಷ ಯಾವ ಮೂಲೆಗೆ? ಮಲಗಿದರೆ ತಡ, ಎದ್ದಿದ್ದರೆ ಸಾವು.

"ನಿನ್ನ ಮಗ ಹುಟ್ಟಿದಾಗ ನಿನ್ನ ಹೆಂಡ್ತಿ ಹೇಗೆ ಮಲಗ್ತಿದ್ಲು?" ಎಂದು ಕೇಳಿದಳು ಆರ್ಡಿಸ್. ಗುರುವಾರ, ಮತ್ತೆ ಅದೇ ಅಡಿಗೆಮನೆ.

"ಎಲ್ಲಿ ಮಲಗ್ತಿದ್ಲು?"

"ಮಲಗ್ತಿದ್ಲು ಕಣೋ, ನಿನಗೆ ಗೊತ್ತಾಗಿಲ್ಲ. ನೀನು ಗೊರಕೆ ಹೊಡೀತಿದ್ದೆ. ಬಾಣಂತಿ ಗುಡುಗು ಬಂದ್ರೂ ಏಳಲ್ಲ, ಗಂಡನ ಗೊರಕೆಗೂ ಏಳಲ್ಲ. ಮಗು ಒಂದು ಸಲ ಮಿಸುಕಿದ್ರೆ ಸಾಕು. ಅಷ್ಟೇ ಒಂದು ಎಳೆ ಎಚ್ಚರ ಇಟ್ಕೊಂಡು ಉಳಿದದ್ದೆಲ್ಲ ಮಲಗಿರುತ್ತೆ."

ವೆಂಡಲ್ ಕಾಫಿ ಲೋಟ ಹಾಗೇ ಹಿಡಿದು ಅವಳನ್ನು ನೋಡಿದ. ಲೋಟ ಕೆಳಗಿಟ್ಟು ಬರೆದುಕೊಳ್ಳತೊಡಗಿದ. ಎಲ್ಲಕ್ಕೂ ಗಾಢ ನಿದ್ದೆ, ಒಂದೇ ಒಂದು ಸದ್ದಿಗೆ ಎಚ್ಚರ. ಆ ಒಂದು ಸದ್ದನ್ನು ಯಂತ್ರಕ್ಕೆ ಕಂಠಪಾಠ ಮಾಡಿಸಬೇಕು. ಎಚ್ಚರವಿರುವ ಆ ಎಳೆ ಉಸಿರನ್ನು ಆ ಕ್ಷಣವೇ ಕಿವಿಗೆ ದಾಟಿಸಿದರೆ, ಉಳಿದದ್ದು ಎದ್ದು ಕಣ್ಣುಜ್ಜಿಕೊಳ್ಳಲು ಸ್ವರ ಬರುವ ತನಕ ಬೇಕಾದಷ್ಟು ಹೊತ್ತು. ಒಂದೇ ತೊಡಕು: ಗುಂಡಿ ಇರುವುದು ಕೋರಲಿಯ ಕೊರಳಲ್ಲಿ, ಕೋರಲಿ ಸದಾ ಉಸಿರಾಡುತ್ತಾಳೆ.

"ಬದುಕೋಕೆ ತಗೊಳ್ಳೋ ಉಸಿರು ಬೇರೆ, ಹಾಡೋಕೆ ತಗೊಳ್ಳೋ ಉಸಿರು ಬೇರೆ," ಎಂದಳು ಆರ್ಡಿಸ್. "ನನಗೆ ನಿದ್ದೇಲೂ ಗೊತ್ತಾಗುತ್ತೆ."

"ನಿಮಗೆ ಗೊತ್ತಾದ್ರೆ ಸಾಲದು. ಇದಕ್ಕೆ ಕೋರಲಿಯವರೇ ಬಂದು ಕಲಿಸಬೇಕು. ನೂರು ಸಲವಾದರೂ."

ಅರವತ್ತು ವರ್ಷದಲ್ಲಿ ಆರ್ಡಿಸ್ ಯಾವ ಜಗಳದಲ್ಲೂ ತಾನಾಗಿ ಮೊದಲು ಮಾತಾಡಿದವಳಲ್ಲ. ಆ ಸಂಜೆ ಕೋಟು ಹಾಕಿಕೊಂಡು ಕೆರೆಯ ದಂಡೆಗುಂಟ ನಡೆದು ಕೋರಲಿಯ ಬಾಗಿಲು ತಟ್ಟಿದಳು.

"ನನಗೆ ನಿನ್ನ ಉಸಿರು ಬೇಕು ಕಣೇ," ಎಂದಳು.

ಕೋರಲಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ತಗೋ. ಇನ್ನೇನು ಬಾಕಿ ಇತ್ತು?"

ಶುಕ್ರವಾರ ಮಧ್ಯಾಹ್ನ ಮೂವರೂ ಮೇಜಿನ ಸುತ್ತ ಕೂತರು. ಕೋರಲಿಯ ಕೊರಳಪಟ್ಟಿಯಲ್ಲಿ ಗುಂಡಿ. ನಟನೆ ಮಾಡಬಾರದು, ನಿಜವಾಗಿ ಹಾಡುವ ಮನಸ್ಸಿನಿಂದಲೇ ಉಸಿರೆಳೆಯಬೇಕು, ಆದರೆ ಹಾಡಬಾರದು ಎಂದು ವೆಂಡಲ್ ತಾಕೀತು ಮಾಡಿದ. ಕೋರಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಉಸಿರೆಳೆದಳು, ಬಿಟ್ಟಳು. ಸುಮ್ಮನಾದಳು. ಮತ್ತೆ ಎಳೆದಳು. ಕೆಲವೊಮ್ಮೆ ಮೂರು ನಿಮಿಷ ಏನೂ ಇಲ್ಲ.

ಹತ್ತು ಉಸಿರಿನ ತನಕ ಗೆಳತಿಯರಿಬ್ಬರಿಗೂ ನಗು ತಡೆಯಲಾಗಲಿಲ್ಲ. ಇಪ್ಪತ್ತರ ಹೊತ್ತಿಗೆ ನಗು ಹೋಯಿತು. ಹೊರಗೆ ಕೆರೆಯ ಮಂಜುಗಡ್ಡೆ ಬೂದು ಬಣ್ಣಕ್ಕೆ ತಿರುಗಿತ್ತು. ಬಿಸಿಲು ಮೇಜಿನ ಮೇಲೆ ತುಸುತುಸುವೇ ಸರಿಯುತ್ತಿತ್ತು. ಆರ್ಡಿಸ್ ಕಣ್ಣು ಮುಚ್ಚಿದಳು. ಒಂದೊಂದು ಉಸಿರಿಗೂ ಅವಳ ಎದೆ ತಾನಾಗಿ ತುಂಬಿಕೊಂಡು, ಹಾಡಿಗಾಗಿ ಕಾದು, ಮತ್ತೆ ಇಳಿಯುತ್ತಿತ್ತು. ನಲವತ್ತು, ಐವತ್ತು. ಅವಳು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲಿದಳು. ಅಲ್ಲಿ ಕೋರಲಿಗೆ ಏಳು ವರ್ಷ, ಎರಡು ಜಡೆ. ಕೆರೆಗೆ ಜಿಗಿಯುವ ಮೊದಲು ಮೂಗು ಹಿಡಿದು ಉಸಿರೆಳೆಯುತ್ತಿದ್ದಳು. ಅಲ್ಲಿ ಕೋರಲಿಗೆ ಮೂವತ್ತು. ಆರ್ಡಿಸಳ ತಾಯಿಯ ಗೋರಿಯ ಪಕ್ಕದಲ್ಲಿ ನಿಂತು ಹಾಡು ಶುರು ಮಾಡಲು ಉಸಿರೆಳೆದು, ಶುರು ಮಾಡಲಾಗದೆ ಮತ್ತೆ ಎಳೆದಳು. ಇವಳ ಇಡೀ ಆಯುಸ್ಸು ನನ್ನ ಕಿವಿಯಲ್ಲಿ ಇತ್ತಲ್ಲ, ಎಂದುಕೊಂಡಳು ಆರ್ಡಿಸ್. ಅವಳಿಗೆ ಗೆಳತಿಯ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ನೂರ ಹನ್ನೊಂದನೆಯ ಉಸಿರಿಗೆ ತಡೆಯಲಾಗದೆ ಇಬ್ಬರೂ ಬಾಯಿಬಿಟ್ಟು ಹಾಡಿಬಿಟ್ಟರು.

"ಹಾಳುಮಾಡಿದ್ರಿ!" ಎಂದು ವೆಂಡಲ್ ಕೂಗಿದ. ಎರಡನೆಯ ಚರಣಕ್ಕೆ ಅವನೂ ಸೇರಿಕೊಂಡ.

ಈಸ್ಟರ್ ಬೆಳಿಗ್ಗೆ ಮೋಡ ಕವಿದಿತ್ತು. ಆರ್ಡಿಸ್ ಒಲೆಯ ಪಕ್ಕ ಹೋಗಿ ನಿಂತಳು. ಕೊನೆಯ ಎರಡು ಅಭ್ಯಾಸಗಳಲ್ಲಿ ಯಂತ್ರ ಸರಿಯಾಗಿ ಎದ್ದಿತ್ತು. ಆದರೆ ಅಲ್ಲಿ ಕಾದದ್ದು ಐದೈದು ನಿಮಿಷ. "ಇವತ್ತು ತಡವಾದ್ರೆ ಮುಂದಿನ ವರ್ಷದಿಂದ ನಾನಾಗಿ ಬೆಂಚಿಗೆ ಹೋಗ್ತೀನಿ. ನೀನು ಬಾಯಿಬಿಡೋದೇ ಬೇಡ," ಎಂದು ಅವಳು ಕೋರಲಿಗೆ ಮೊದಲೇ ಹೇಳಿಬಿಟ್ಟಿದ್ದಳು. ಬ್ಯಾಂಕಿನ ಹುಡುಗಿ ಮೂರನೆಯ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು.

ಹತ್ತು ನಿಮಿಷವಾಯಿತು. ಹಡಗು ಕತ್ತಲಲ್ಲಿ ಕತ್ತಲಾಗಿ ತೂಗುತ್ತಿತ್ತು. ಕಿವಿಯಲ್ಲಿ ಜುಮ್ ಎನ್ನುವುದು ನಿಂತಿತು. ಮಲಗಿತು, ಎಂದುಕೊಂಡಳು. ಇಪ್ಪತ್ತಾಯಿತು. ಮೂವತ್ತೈದು ಯಾವಾಗ ದಾಟಿತೋ. ಒಲೆಯ ಬಿಸಿ ಬೆನ್ನಿಗೆ ತಾಗಿ ಮೈ ಹಗುರವಾಯಿತು. ಕಾಲ ಕೆಳಗೆ ನೆಲವಿಲ್ಲದೆ ಮಂಜುಗಡ್ಡೆ ಇದ್ದಂತೆ, ಅದರ ಕೆಳಗೆ ಕಪ್ಪು ನೀರು ನಿಧಾನ ಉಸಿರಾಡುತ್ತಿದ್ದಂತೆ ಅನಿಸಿತು. ಪಕ್ಕದಲ್ಲಿ ಯಾರೋ ನಿಂತಿದ್ದರು. ಉಣ್ಣೆಯ ಕೋಟಿನ ವಾಸನೆ ಅಮ್ಮನದು. ಕೇಳುತ್ತಾ ಆರ್ಡಿಸ್, ಎಂದು ಅಮ್ಮ ಕೇಳಿದಂತಾಯಿತು. ಇಲ್ಲಮ್ಮ, ಏನೂ ಕೇಳುತ್ತಿಲ್ಲ, ಭಯವಾಗುತ್ತಿದೆ, ಎಂದಳು ಮನಸ್ಸಿನಲ್ಲಿ. ನಿಜಕ್ಕೂ ಭಯವಾಗಿತ್ತು. ಬ್ಯಾಟರಿ ಸತ್ತು ಆ ವಿದಾಯದ ರಾಗ ತನಗೆ ತಿಳಿಯದೆ ಹೋಯಿತೇ? ಕೋರಲಿ ಈಗಾಗಲೇ ಉಸಿರೆಳೆದಳೇ?

ಹಡಗಿನ ಪಟದ ತುದಿ ಹಳದಿಯಾಯಿತು. ಬೆಳಕು ಪಟದ ಕಂಬದ ಗುಂಟ ಇಳಿಯಿತು. ಯಾರೂ ಅಲುಗಲಿಲ್ಲ. ಹಡಗು ಪೂರ್ತಿ ಹೊತ್ತಿಕೊಂಡಿತು. ಆಗಲೂ ಏನಿಲ್ಲ.

ಆಮೇಲೆ ಅವಳ ಕಿವಿಯೊಳಗೆ, ಬಲು ಹತ್ತಿರದಲ್ಲಿ, ಕೋರಲಿ ಉಸಿರೆಳೆದಳು.

ಆರ್ಡಿಸಳ ಎದೆ ತುಂಬಿತು. ಯೋಚಿಸಲು ಹೊತ್ತಿರಲಿಲ್ಲ. ತನ್ನ ಉಸಿರಿನ ಹಿಂದೆಯೇ ಪಕ್ಕದವರ ಉಸಿರು ಅವಳಿಗೆ ತಿಳಿಯಿತು, ಅವರ ಪಕ್ಕದವರದು, ಗೋಡೆಗುಂಟ ಒಂದೊಂದಾಗಿ. ಮೊದಲ ಸ್ವರ ಎಲ್ಲ ಗೋಡೆಗಳಿಂದ ಒಟ್ಟಿಗೆ ಎದ್ದಿತು. ಅವಳದು ಅದರೊಳಗೆ ಎಲ್ಲಿದೆ ಎಂದು ಅವಳಿಗೇ ಹುಡುಕಲಾಗಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ನಾಲ್ಕು ಚರಣವನ್ನೂ ಹಾಡಿದಳು.

ಚರ್ಚಿನ ನೆಲಮಾಳಿಗೆಯಲ್ಲಿ ಮೊಟ್ಟೆ ಬೆರೆಸಿ ದೊಡ್ಡ ತಟ್ಟೆಯಲ್ಲಿ ಬೇಯಿಸಿದ ಹಾಟ್‌ಡಿಷ್ಷು, ಕಾಫಿ. ಕೋರಲಿ ತಟ್ಟೆ ಹಿಡಿದು ಬಂದು ಎದುರಿಗೆ ಕೂತಳು. ಸ್ವಲ್ಪ ಹೊತ್ತು ತಿಂದಳು.

"ಪರವಾಗಿಲ್ಲ," ಎಂದಳು.

ಹೇಗ್ರೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆರ್ಡಿಸ್ ತಲೆ ತಗ್ಗಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು.

"ಆದರೆ ಒಂದು ವಿಚಿತ್ರ ಕಣೇ. ನಲವತ್ತು ವರ್ಷದಲ್ಲಿ ಮೊದಲ್ನೇ ಸಲ ಒಲೆ ಕಡೆಯವರು ಹಿಂದೆ ಬೀಳದೆ ಬಂದ್ರು."

ಪಕ್ಕದ ಮೇಜಿನಿಂದ ವೆಂಡಲ್ ಬಾಯಿತುಂಬ ತುಂಬಿಕೊಂಡೇ ತಿರುಗಿದ. "ಅವರೇನು ತೂಕಡಿಸ್ತಿರಲಿಲ್ಲ ಕೋರಲಿಯವರೇ. ಬಾಗಿಲಿಂದ ಒಲೆಗೆ ಐವತ್ತಡಿ. ನಿಮ್ಮ ಉಸಿರು ಗಾಳೀಲಿ ನಡ್ಕೊಂಡು ಹೋಗೋಕೆ ಅಷ್ಟು ಹೊತ್ತು ಬೇಕು. ಗುಂಡಿಯಿಂದ ಹೋಗಿದ್ದು ಅದಕ್ಕಿಂತ ಮೊದಲೇ ತಲುಪಿಬಿಡುತ್ತೆ. ಇವತ್ತು ಆ ಗೋಡೇಲಿ ಎಲ್ಲರಿಗಿಂತ ಮುಂಚೆ ನಿಮ್ಮ ಉಸಿರು ಕೇಳಿದ್ದು ಮಿಸೆಸ್ ಟ್ವೇಟನ್‌ಗೆ. ಮಿಕ್ಕವರು ಇವರದ್ದು ಕೇಳಿ ಎಳ್ಕೊಂಡ್ರು."

ಕೋರಲಿ ಫೋರ್ಕು ಕೆಳಗಿಟ್ಟಳು. ನಲವತ್ತು ವರ್ಷದ ಗೊಣಗು ಅವಳ ಮುಖದ ಮೇಲೆ ಒಂದು ಸಲ ಹಾದುಹೋಯಿತು. ಕೊರಳಪಟ್ಟಿಗೆ ಕೈ ಹಾಕಿ ಗುಂಡಿಯನ್ನು ಮುಟ್ಟಿ ನೋಡಿದಳು, ಬಿಚ್ಚಲಿಲ್ಲ.

"ಹಾಗಾದ್ರೆ ಇದು ನನ್ನ ಹತ್ರಾನೇ ಇರಲಿ," ಎಂದಳು. "ಬ್ಯಾಂಕಿನ ಹುಡುಗಿಗೆ ಬೇರೆ ಗೋಡೆ ಹುಡುಕ್ತೀನಿ."

ಸೋಮವಾರ ಬೆಳಿಗ್ಗೆ ಆರ್ಡಿಸ್ ಕಾಫಿ ಕುದಿಸಿ, ನಾಲ್ಕು ಲೋಟ ತೊಳೆದಿಟ್ಟು, ಬೀದಿ ಕಾಣುವ ಕುರ್ಚಿಯಲ್ಲಿ ಕೂತಳು. ಕೋರಲಿ ಏನೇ ಹೇಳಲಿ, ವೆಂಡಲ್ ಏನೇ ಲೆಕ್ಕ ಕೊಡಲಿ, ಊರಿನ ತೀರ್ಪು ಬರುವುದು ಸೋಮವಾರವೇ. ಹತ್ತು ಗಂಟೆಗೆ ಒಂದು ಕಾರು ಅವಳ ಮನೆಯ ಮುಂದೆ ನಿಧಾನವಾಯಿತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಅಂಚೆಯವನು, ಕಾಗದ ಹಾಕಿ ಹೋದ. ಮಧ್ಯಾಹ್ನ ಎದುರುಮನೆಯಾಕೆ ಹೊರಗೆ ಬಂದಳು. ಕೈಯಲ್ಲಿ ಬೆಳ್ಳಿ ಕಾಗದವಿರಲಿಲ್ಲ, ನಾಯಿಯ ಹಗ್ಗವಿತ್ತು. ಕೈಬೀಸಿ ಮುಂದೆ ಹೋದಳು. ಕೆರೆಯ ದಡದಲ್ಲಿ ಮಂಜುಗಡ್ಡೆ ಬಿಟ್ಟುಕೊಂಡು ಒಂದು ನೀಲಿ ಅಂಚು ಮೂಡಿತ್ತು. ಕಿವಿಯ ಯಂತ್ರ ಮಲಗಿತು. ಅವಳು ಮಲಗಲಿಲ್ಲ.

ಸಂಜೆ ಐದಾಯಿತು. ಕಾಫಿ ಆರಿ ತಣ್ಣಗಾಗಿತ್ತು. ಹೇಗ್ರೆಯಲ್ಲಿ ಒಬ್ಬರೇ ಒಬ್ಬರೂ ಅವಳಿಗಾಗಿ ಏನನ್ನೂ ತರಲಿಲ್ಲ. ಆರ್ಡಿಸ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷದಿಂದ ಅತ್ತಳು.